ಬಾಯಿ ತೆರೆದ ನಾಲ್ಕು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಹೇಳಹೊರಟಿರುವ ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ನಾನು ಸಿಟ್ಟಿನಲ್ಲೇ ಇದ್ದೆ. ಕಂಪ್ಲಿಯ ಅಕ್ಕಿ ಗಿರಣಿಯ ಮನೆಯಲ್ಲಿ ಹುಟ್ಟಿದವಳು ನಾನು. ಕಾಲೇಜು ಮುಗಿಯುವ ತನಕ ಸಮುದ್ರದ ಮುಖ ನೋಡಿದವಳಲ್ಲ. ತುಂಗಭದ್ರೆಯ ಕಾಲುವೆಗಿಂತ ದೊಡ್ಡ ನೀರು ಇರಬಹುದೆಂದು ಪುಸ್ತಕದಲ್ಲಿ ಓದಿ ನಂಬಿಕೊಂಡಿದ್ದೆ ಅಷ್ಟೆ. ಅಂಥವಳು ಸಮುದ್ರದ ತಳಕ್ಕೆ ಇಳಿದು ಹವಳದ ಜಾತಿ ಗುರುತಿಸುವ ಕೆಲಸಕ್ಕೆ ಸೇರಿದೆ. ನಮ್ಮ ಮನೆಯಲ್ಲಿ ಅದಕ್ಕೆ ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕಿಲ್ಲ.

"ಮನುಷ್ಯಾರಾಗ ಇರೋ ಜಾತಿ ಸಾಲಲಿಲ್ಲಂತ ಕಲ್ಲಿನ್ಯಾಗೂ ಜಾತಿ ಹುಡುಕಾಕ ಹೋಗಿಯೇನು?" ಎಂದು ಅವ್ವ ಕೇಳಿದ್ದಳು.

"ಅದು ಕಲ್ಲಲ್ಲವ್ವಾ, ಪ್ರಾಣಿ. ಸಣ್ಣ ಸಣ್ಣ ಪ್ರಾಣಿ ಸಾವಿರಗಟ್ಟಲೆ ಸೇರಿ ಕಟ್ಟಿಕೊಂಡ ಮನಿ."

"ಹಂಗಾರ ನನ್ನ ತಾಳ್ಯಾಗಿರೋದು ಪ್ರಾಣಿ ಮನಿಯೇನು?" ಎಂದು ಅವ್ವ ಕೊರಳಿನ ಎರಡು ಕೆಂಪು ಹವಳಗಳನ್ನು ಹಿಡಿದು ನೋಡಿಕೊಂಡಳು. ಒಡವೆಯ ಹವಳದ ಕುಲವೇ ಬೇರೆ, ನಾನು ನೋಡುವ ದಿಬ್ಬದ ಹವಳವೇ ಬೇರೆ ಎಂದು ವಿವರಿಸಲು ಹೋದೆ. ಅಷ್ಟರಲ್ಲಿ ಅವಳು ಒಳಗೆ ಹೋಗಿ ಅಕ್ಕನಿಗೆ ಫೋನ್ ಹಚ್ಚಿದ್ದಳು, ನಮ್ಮ ತಾಳಿಯಲ್ಲಿ ಹುಳ ಇದ್ದಾವಂತೆ ಎಂದು ಹೇಳಲು.

ನಾನು ಹಿಡಿದ ಹವಳ ನೋಡಲು ಏನೂ ಚೆಂದವಿಲ್ಲ. ಹಂಪಿಯ ಗುಡ್ಡಗಳಲ್ಲಿ ಬಿದ್ದಿರುವ ಗುಂಡುಗಳ ಹಾಗೆ ದುಂಡಗೆ, ಕಂದು ಬಣ್ಣಕ್ಕೆ, ಮರಳಿನ ಮೇಲೆ ಕೂತಿರುತ್ತದೆ. ಪುಸ್ತಕಗಳಲ್ಲಿ ಅದು ಒಂದೇ ಜಾತಿ. ಆದರೆ ಹವಳದ ವಿಷಯದಲ್ಲಿ ಆಕಾರವನ್ನು ನಂಬುವ ಹಾಗೇ ಇಲ್ಲ. ಎಮ್ಮಿಗನೂರಿನ ಕಾಲುವೆ ತಲೆಯಲ್ಲಿ ಹಚ್ಚಿದ ನೆಲ್ಲು ಒಂದು ಥರ ನಿಲ್ಲುತ್ತದೆ, ಅದೇ ಬೀಜ ಕಾಲುವೆ ಬಾಲದ ಹೊಲದಲ್ಲಿ ಇನ್ನೊಂದು ಥರ ನಿಲ್ಲುತ್ತದೆ, ಹವಳವೂ ಹಾಗೆಯೇ. ಬೆಳಕು ಕಡಿಮೆಯಾದರೆ ಚಪ್ಪಟೆಯಾಗುತ್ತದೆ, ಅಲೆ ಹೊಡೆದರೆ ಕುಳ್ಳಗಾಗುತ್ತದೆ. ಒಂದೇ ಜಾತಿ ಹತ್ತು ವೇಷ ಹಾಕುತ್ತದೆ, ಬೇರೆ ಬೇರೆ ಜಾತಿಗಳು ಒಂದೇ ವೇಷದಲ್ಲಿ ಕೂತು ನಮ್ಮ ಮಾನ ಕಳೆಯುತ್ತವೆ. ಅದಕ್ಕೇ ಒಳಗಿನ ವಂಶವಾಹಿಯನ್ನು ಓದಬೇಕು. ಅಲ್ಲಿಯೂ ಒಂದು ಕಿರಿಕಿರಿಯಿದೆ. ಮೀನಿನ ಜಾತಿ ತಿಳಿಯಲು ಬಳಸುವ ಒಂದು ಸಣ್ಣ ತುಂಡು ಡಿಎನ್ಎ ಹವಳದಲ್ಲಿ ಎಷ್ಟು ನಿಧಾನ ಬದಲಾಗುತ್ತದೆಂದರೆ, ಅದನ್ನು ಓದಿದರೆ ಅಕ್ಕತಂಗಿ ಜಾತಿಗಳೆಲ್ಲ ಒಂದೇ ಎಂದು ಕಾಣುತ್ತದೆ. ಹಾಗಾಗಿ ಒಂದು ಕಡೆ ಅಲ್ಲ, ಸಾವಿರಾರು ಕಡೆ ಓದಬೇಕು. ಹವಳದೊಳಗೆ ಪಾಚಿ ಬೇರೆ ವಾಸವಾಗಿರುತ್ತದೆ; ಅದರ ಡಿಎನ್ಎ ಆರಿಸಿ ತೆಗೆದುಹಾಕಬೇಕು. ಅಕ್ಕಿಯಿಂದ ಕಲ್ಲು ಆರಿಸುವ ಮನೆಯವಳಿಗೆ ಇದೇನು ಹೊಸದಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನಾಲ್ಕು ವರ್ಷದ ಕೆಲಸದ ಕೊನೆಗೆ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿತ್ರ ಬಂತು. ಅಕ್ಕಪಕ್ಕದಲ್ಲೇ, ಒಂದೇ ಮರಳಿನ ಮೇಲೆ, ಒಂದೇ ಅಲೆಯಲ್ಲಿ ಬೆಳೆದ ನನ್ನ ಗುಂಡು ಹವಳಗಳು ಎರಡು ಗುಂಪಾಗಿ ಒಡೆದು ನಿಂತಿದ್ದವು. ನಡುವೆ ಕೂಡಿಕೆಯ ಗುರುತೇ ಇಲ್ಲ. ಅಷ್ಟು ಹತ್ತಿರವಿದ್ದೂ ಒಂದರ ಸಂತಾನ ಇನ್ನೊಂದರ ಜೊತೆ ಬೆರೆತಿಲ್ಲ ಎಂದರೆ ಅವು ಒಂದಲ್ಲ, ಎರಡು ಜಾತಿ. ಪುಸ್ತಕ ತಪ್ಪು, ನಾನು ಸರಿ! ಆ ದಿನ ಪ್ರಯೋಗಾಲಯದ ಕಾರಿಡಾರಿನಲ್ಲಿ ಒಬ್ಬಳೇ ಕುಣಿದೆ. ಯಾರಾದರೂ ನೋಡಿದ್ದರೆ ನೋಡಲಿ.

ನನ್ನ ಕುಣಿತ ಸೋಮವಾರದ ಸಭೆಯ ತನಕ ನಡೆಯಿತು. ನನಗೆ ಮಾರ್ಗದರ್ಶಕರಾಗಿದ್ದ ಮೇಡಂ ಮೈಸೂರಿನವರು, ಮೆಲುದನಿಯವರು. ಕೂಗಾಡುವವರನ್ನು ನಾನು ನಿಭಾಯಿಸಬಲ್ಲೆ. ಮೆಲ್ಲಗೆ ಮಾತಾಡುವವರ ಮುಂದೆ ನನ್ನ ಕೈಕಾಲು ಆಡುವುದಿಲ್ಲ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಇಪ್ಪತ್ತೆಂಟನೇ ನಂಬರಿನ ಎರಡು ತುಣುಕು ಎಲ್ಲಿವೆಯಮ್ಮಾ?" ಎಂದರು.

ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಕೆಲವು ಹವಳದ ಗುಡ್ಡೆಗಳಿಂದ ಎರಡೆರಡು ತುಣುಕು ತೆಗೆಯುವುದು ನಮ್ಮ ರೂಢಿ. ನನ್ನ ಬಳಿ ಇಪ್ಪತ್ತೆಂಟು ಎಂಬ ಚೀಟಿಯ ಎರಡು ಟ್ಯೂಬುಗಳಿದ್ದವು. ಹುಡುಕಿದೆ. ಒಂದು ಎಡಗಡೆ ಗುಂಪಿನಲ್ಲಿತ್ತು. ಇನ್ನೊಂದು ಬಲಗಡೆ ಗುಂಪಿನಲ್ಲಿತ್ತು.

"ಒಂದೇ ಗುಡ್ಡೆ ಎರಡು ಜಾತಿ ಹೇಗಾಗತ್ತೆ?" ಎಂದರು ಮೇಡಂ. "ಇದು ಎರಡು ಜಾತಿಯ ಕಥೆಯಲ್ಲ. ಬೆರಕೆಯ ಕಥೆ. ಒಂದು ಟ್ಯೂಬಿಂದ ಇನ್ನೊಂದಕ್ಕೆ ಹೋಗಿದೆ. ನಿನ್ನ ಕೈ ಶುದ್ಧವಿಲ್ಲ. ಒಂದು ಕಡೆ ಬೆರಕೆ ಸಿಕ್ಕಿದ ಮೇಲೆ ಉಳಿದದ್ದನ್ನು ನಾನು ಹೇಗೆ ನಂಬಲಿ?"

ಇಡೀ ಪ್ರಯೋಗಾಲಯದ ಮುಂದೆ ಹೇಳಿದರು. ಕಸಿವಿಸಿಯಿಂದ ಎಲ್ಲರೂ ತಮ್ಮ ತಮ್ಮ ಚಹಾ ಲೋಟ ನೋಡಿಕೊಂಡರು. ಅಕ್ಕಿ ಗಿರಣಿಯವರ ಮನೆಮಗಳಿಗೆ ಬೆರಕೆ ಎಂಬುದು ಎಂಥ ಬೈಗುಳ ಎಂದು ಅವರಿಗೇನು ಗೊತ್ತು? ನಮ್ಮ ದೊಡ್ಡಪ್ಪನಿಗೆ ಯಾರಾದರೂ ನಿಮ್ಮ ಸೋನಾ ಮಸೂರಿಯಲ್ಲಿ ಬೆರಕೆಯಿದೆ ಎಂದರೆ ಅವತ್ತು ಗಿರಣಿಯ ಪಟ್ಟಾ ನಿಲ್ಲುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹವಳ ಕತ್ತರಿಸಲು ಸರ್ಕಾರ ಕೊಟ್ಟಿದ್ದ ಅನುಮತಿ ಮುಗಿದಿತ್ತು, ಮತ್ತೆ ಹೋಗಿ ತರುವ ದಾರಿಯಿರಲಿಲ್ಲ. ಆ ತುಣುಕುಗಳು ಬೆರಕೆ ಎಂದಾದರೆ ನಾಲ್ಕು ವರ್ಷ ನೀರುಪಾಲು. ಅದಕ್ಕಿಂತ ಹೆಚ್ಚಾಗಿ, ಕೈ ಕೊಳಕಿನವಳು ಎಂಬ ಹೆಸರು ಈ ಕೆಲಸದಲ್ಲಿ ಒಮ್ಮೆ ಅಂಟಿದರೆ ಹೋಗುವುದಿಲ್ಲ.

"ಸ್ವಲ್ಪ ದಿನ ಊರಿಗೆ ಹೋಗಿ ಬಾ. ತಲೆ ತಣ್ಣಗಾಗಲಿ," ಎಂದರು ಮೇಡಂ. ನನ್ನ ತಲೆ ತಣ್ಣಗಾಗಲು ಕಂಪ್ಲಿಗೆ ಕಳಿಸಿದ್ದಾರೆ ನೋಡಿ, ಅದೂ ಮೇ ತಿಂಗಳಲ್ಲಿ.

ಹೊಸಪೇಟೆಯಲ್ಲಿ ಇಳಿದು ಕಂಪ್ಲಿ ಬಸ್ಸು ಹತ್ತಿದೆ. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ದೊಡ್ಡಪ್ಪ ಮಾತ್ರ ನನ್ನ ಮುಖ ನೋಡಿ, "ಎಷ್ಟು ದಿನ ಇರ್ತಿ?" ಎಂದ. ಗೊತ್ತಿಲ್ಲ ಎಂದೆ. "ಹಂಗಾರ ಉಣ್ಣು ಮೊದ್ಲು," ಎಂದು ಗಿರಣಿಗೆ ಹೊರಟುಹೋದ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಗಿರಣಿಯನ್ನೂ ನಮ್ಮನ್ನೂ ನೋಡಿಕೊಳ್ಳುತ್ತಿರುವವನು ಅವನೇ. ಒಂದು ಕಾಳು ಹಲ್ಲಿನಲ್ಲಿ ಕಚ್ಚಿ ಇದು ಯಾವ ತಳಿ, ಯಾವ ಹಂಗಾಮಿನದು, ಎಷ್ಟು ಒಣಗಿದೆ ಎಂದು ಹೇಳುತ್ತಾನೆ. ಅವನು ತಪ್ಪಿದ್ದನ್ನು ಕಂಪ್ಲಿಯಲ್ಲಿ ಯಾರೂ ನೋಡಿಲ್ಲವಂತೆ. ಹೀಗೆಂದು ಹೇಳುವವನೂ ಅವನೇ.

ಒಂದು ವಾರ ನಾನು ಗಿರಣಿಯ ಆಫೀಸು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತೆ. ಬೆರಕೆಯಾದ ಟ್ಯೂಬಿನಲ್ಲಿ ಎರಡೂ ಗುಂಪಿನ ಗುರುತು ಕೂಡಿಕೊಂಡಿರಬೇಕು; ನನ್ನ ಎರಡು ಇಪ್ಪತ್ತೆಂಟುಗಳೂ ಒಂದೊಂದಾಗಿ ನೋಡಿದರೆ ಸ್ವಚ್ಛ. ಇದೆಂಥ ಬೆರಕೆ? ಟಿಪ್ಪಣಿ ಪುಸ್ತಕ ತೆಗೆದರೆ ಆ ತುಣುಕುಗಳನ್ನು ತೆಗೆದ ದಿನದ ಪುಟವೇ ನೀರು ಬಿದ್ದು ಅಂಟಿಹೋಗಿತ್ತು. ಯಾವ ಗುಡ್ಡೆಯಿಂದ ಎರಡು ತುಣುಕು ತೆಗೆದೆ, ಯಾವುದರಿಂದ ಒಂದೇ ಎಂಬುದು ಅಳಿಸಿತ್ತು. ಅದರ ಕೆಳಗೆ, ಪ್ರಯೋಗಾಲಯಕ್ಕೆ ಬಂದು ಟ್ಯೂಬು ಎಣಿಸಿದ ದಿನ ನಾನೇ ಬರೆದ ಒಂದು ಸಾಲಿತ್ತು: ಇಪ್ಪತ್ತನಾಲ್ಕು ಇಲ್ಲ, ದೋಣಿಯಲ್ಲಿ ಕಳೆದಿರಬೇಕು. ಆ ಸಾಲನ್ನು ನೂರು ಸಲ ಓದಿದೆ. ಏನೂ ಹೊಳೆಯಲಿಲ್ಲ. ಮೂರು ಹೊತ್ತೂ ಅವ್ವನ ಮೇಲೆ ರೇಗಿದೆ. ಪಾಪ, ಅವಳು ಸುಮ್ಮನೆ ಉಪ್ಪಿನಕಾಯಿ ಬಡಿಸಿದಳು.

ಎಂಟನೆಯ ದಿನ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ರಂಪವೆದ್ದಿತು. ಆಂಧ್ರದ ಕಡೆಯಿಂದ ಬಂದ ಲಾರಿಗೆ ಹಮಾಲರು ಅಕ್ಕಿ ಚೀಲ ಏರಿಸುತ್ತಿದ್ದರು. ಅರ್ಧ ಲಾರಿ ತುಂಬಿದ ಮೇಲೆ ದೊಡ್ಡಪ್ಪ ಸ್ನಾನ ಮುಗಿಸಿ ಬಂದು ನೋಡಿದವನೇ ಆಕಾಶ ಭೂಮಿ ಒಂದು ಮಾಡಿದ.

"ಯಾವ ಅಟ್ಟಿಗೆ ಕೈ ಹಚ್ಚೀರಿ? ಇದು ಹಳೇ ಅಕ್ಕಿ! ನಿನಗ ಕೊಟ್ಟ ಚೀಟ್ಯಾಗ ಏನೈತಿ?"

ಡ್ರೈವರು ನಡುವಯಸ್ಸಿನ ಸಮಾಧಾನದ ಮನುಷ್ಯ. ಕಂಪ್ಯೂಟರಿನಲ್ಲಿ ಅಚ್ಚಾದ ಚೀಟಿ ತೆಗೆದು ತೋರಿಸಿದ. "28 ಐತಿ ಸ್ವಾಮಿ. ಇರವೈ ಎನಿಮಿದಿ."

"ಹೂಂ, ಇಪ್ಪತ್ತೆಂಟು. ಮತ್ತ ಇದನ್ಯಾಕ ಎತ್ತೀದಿ?"

"ಇದೇ ಕದಾ ಇರವೈ ಎನಿಮಿದಿ?" ಎಂದು ಡ್ರೈವರು ಅಟ್ಟಿಯ ಮೇಲಿನ ತಗಡಿನ ಹಲಗೆಗೆ ಬೆರಳು ತೋರಿಸಿದ.

ನಮ್ಮ ಗಿರಣಿಯಲ್ಲಿ ಅಟ್ಟಿಯ, ಅಂದರೆ ಒಟ್ಟಿದ ಚೀಲಗಳ ರಾಶಿಯ, ನಂಬರುಗಳನ್ನು ಕನ್ನಡದ ಅಂಕಿಯಲ್ಲೇ ಬರೆಯುತ್ತಾರೆ. ತಾತನ ಕಾಲದಿಂದಲೂ ಹಾಗೆಯೇ. ದೊಡ್ಡಪ್ಪ ತಾನೇ ಕುಂಚ ಹಿಡಿದು ಬಿಳಿ ಬಣ್ಣದಲ್ಲಿ ಬರೆಯುತ್ತಾನೆ. ಆ ಹಲಗೆಯ ಮೇಲೆ ೨೪ ಎಂದಿತ್ತು.

"ಅದು ಇಪ್ಪತ್ನಾಕೋ ಮಾರಾಯಾ! ಕಣ್ಣಿಲ್ಲೇನು?" ಎಂದು ದೊಡ್ಡಪ್ಪ ಕೂಗಿದ. "ಇಂಗ್ಲಿಷ್ ಎಂಟಾಗಿದ್ರ ಮ್ಯಾಲ ಮುಚ್ಚಿರ್ತಿತ್ತು. ಇದು ಬಾಯಿ ತೆರದೈತಿ ನೋಡು. ನಾಕು!"

"ನಾಕು ಅಂದ್ರ ನಾಕಿನಂಗ ಬರೀಬೇಕು ಸ್ವಾಮಿ," ಎಂದ ಡ್ರೈವರು. ಹಮಾಲರು ಕಿಸಕ್ಕನೆ ನಕ್ಕರು.

ನಾನು ಆಫೀಸು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಮೊದಲು ನನಗೂ ನಗು ಬಂತು. ಆಮೇಲೆ ತುಣುಕು ತೆಗೆದ ದಿನದ ದೋಣಿ ಕಣ್ಣ ಮುಂದೆ ಬಂತು. ಸಮುದ್ರ ಎದ್ದಿತ್ತು. ನಾನು ದೋಣಿಯ ಅಂಚಿಗೆ ಬಾಗಿ ಬಾಗಿ ವಾಂತಿ ಮಾಡುತ್ತಿದ್ದೆ, ನಡುನಡುವೆ ಬಂದು ಉಗುರಿನಷ್ಟು ಹವಳವನ್ನು ಸ್ಪಿರಿಟ್ ತುಂಬಿದ ಟ್ಯೂಬಿಗೆ ಹಾಕುತ್ತಿದ್ದೆ. ಸ್ಪಿರಿಟ್ಟಿಗೆ ಪೆನ್ನಿನ ಶಾಯಿ ಅಳಿಸುತ್ತದೆಂದು ನಂಬರನ್ನು ಪೆನ್ಸಿಲಿನಿಂದ ಸಣ್ಣ ಚೀಟಿಯಲ್ಲಿ ಬರೆದು ಟ್ಯೂಬಿನ ಒಳಗೇ ಬಿಡಬೇಕು. ತಲೆ ತಿರುಗುವ ಹೊತ್ತಿನಲ್ಲಿ ಕೈ ಯಾರ ಮಾತು ಕೇಳುತ್ತದೆ? ಶಾಲೆಯ ರಜೆಯಲ್ಲೆಲ್ಲ ಇದೇ ಅಂಗಳದಲ್ಲಿ ಕೂತು ಅಟ್ಟಿಯ ಚೀಟಿ ಬರೆದ ಕೈ ಅದು. ಇಪ್ಪತ್ತನಾಲ್ಕು ಕಳೆದಿರಲಿಲ್ಲ. ಇಪ್ಪತ್ತನಾಲ್ಕನ್ನು ನಾನು ಕನ್ನಡದಲ್ಲಿ ಬರೆದಿದ್ದೆ. ತಿಂಗಳಾದ ಮೇಲೆ ಪ್ರಯೋಗಾಲಯದಲ್ಲಿ, ಸುತ್ತ ನೂರು ಇಂಗ್ಲಿಷ್ ಅಂಕಿಗಳ ನಡುವೆ, ಕಂಪ್ಲಿಯ ಮಗಳಾದ ನಾನೇ ಅದನ್ನು 28 ಎಂದು ಓದಿದ್ದೆ!

"ದೊಡ್ಡಪ್ಪಾ!" ಎಂದು ಕಿರುಚಿದೆ. ದೊಡ್ಡಪ್ಪ ಹೌಹಾರಿ ತಿರುಗಿದ. "ಅವನಿಗೆ ಬೈಬ್ಯಾಡ! ಅವನಿಗೆ ಚಾ ಕೊಡ್ಸು, ಮಂಡಾಳು ಒಗ್ಗರಣಿ ಕೊಡ್ಸು, ಏನು ಕೇಳ್ತಾನ ಅದು ಕೊಡ್ಸು!"

"ಈಕಿಗೇನಾತಲೇ?" ಎಂದ ದೊಡ್ಡಪ್ಪ, ಹಮಾಲರ ಕಡೆ ನೋಡಿ.

ಅಲ್ಲೇ ನಿಂತು ಮೇಡಂಗೆ ಫೋನ್ ಹಚ್ಚಿದೆ. ಗಿರಣಿಯ ಸದ್ದಿಗೆ ಕೇಳದೆ ರಸ್ತೆಗೆ ಓಡಿದೆ. ಅವರು ಪ್ರಯೋಗಾಲಯದಲ್ಲೇ ಇದ್ದರು. ನಮಸ್ಕಾರ ಗಿಮಸ್ಕಾರ ಯಾವುದೂ ಇಲ್ಲದೆ, ಫ್ರೀಜರಿನಿಂದ ಎರಡೂ ಇಪ್ಪತ್ತೆಂಟನ್ನು ಹೊರಗೆ ತೆಗೆಯಿರಿ ಎಂದೆ. ಮನಸ್ಸಿನಲ್ಲಿ ಏನೆಂದುಕೊಂಡರೋ, ತೆಗೆದರು. ಫ್ರೀಜರಿನ ಬಾಗಿಲು ಎಳೆದ ಸದ್ದು ನನಗೆ ಕೇಳಿಸಿತು.

"ಒಳಗಿನ ಚೀಟಿ ಓದಿ ಮೇಡಂ."

"ಒಂದರಲ್ಲಿ 28. ಇನ್ನೊಂದರಲ್ಲೂ 28. ಏನೀಗ?"

"ಎಂಟರ ನೆತ್ತಿ ನೋಡಿ. ಮುಚ್ಚಿದೆಯೋ, ಬಾಯಿ ತೆರೆದಿದೆಯೋ?"

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ಹೋಯಿತು. ಆಮೇಲೆ ಮೇಡಂ ಮೆಲ್ಲಗೆ, "ಒಂದರದ್ದು ಮುಚ್ಚಿದೆ. ಇನ್ನೊಂದರದ್ದು ತೆರೆದಿದೆ," ಎಂದರು.

"ಅದು ಎಂಟಲ್ಲ ಮೇಡಂ. ಅದು ನಮ್ಮ ನಾಲ್ಕು."

"ಅಯ್ಯೋ ಶಿವನೇ," ಎಂದರು ಮೇಡಂ. ಅವರ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. "ನಾನೂ ಕನ್ನಡ ಶಾಲೆಯಲ್ಲೇ ಓದಿದ್ದು ಕಣೇ. ನನಗೂ ಕಾಣಲಿಲ್ಲವಲ್ಲ!"

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಫೋನ್ ಮಾಡಿದರು, ಅದೇ ಹಳೆಯ ದನಿಯಲ್ಲಿ. "ನಿನ್ನ ಮಾತು ನಿಜವಿರಬಹುದು. ಆದರೆ ಇದು ನಿನಗೆ ಅನುಕೂಲವಾದ ಉತ್ತರ. ನಿನ್ನ ಕೈಬರಹಕ್ಕೆ ನೀನೇ ಸಾಕ್ಷಿ ಅಂದರೆ ಹೊರಗಿನವರು ಒಪ್ಪಲ್ಲ. ನೀನು ಮುಟ್ಟದ ಹಾಗೆ ಇನ್ನೊಂದು ಸಲ ನೋಡೋಣ." ಅವರ ಯೋಜನೆ ಹೀಗಿತ್ತು: ಫ್ರೀಜರಿನಲ್ಲಿ ಉಳಿದ ಹವಳಗಳಿಂದ ಹನ್ನೆರಡನ್ನು ಅವರೇ ಆರಿಸುತ್ತಾರೆ. ಅವಕ್ಕೆ ಒಂದರಿಂದ ಹನ್ನೆರಡು ಎಂದು ಹೊಸ ನಂಬರು. ಒಂದು ಪಾಲು ಡಿಎನ್ಎ ಓದಲು ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿಯವರಿಗೆ ಇದರ ತಲೆಬುಡ ಗೊತ್ತಿಲ್ಲ. ಅವೇ ಹನ್ನೆರಡರ ಮಸೂರದ ಅಡಿಯ ಚಿತ್ರಗಳು ನನಗೆ ಬರುತ್ತವೆ. ಎರಡು ಜಾತಿ ಎಂದು ಸಾಧಿಸುವವಳು ಕಣ್ಣಿನಿಂದಲೂ ಎರಡು ಗುಂಪು ಮಾಡಿ ತೋರಿಸಬೇಕು. ಎರಡೂ ತಾಳೆಯಾದರೆ ಅವರು ನನ್ನ ಮಾತು ಒಪ್ಪುತ್ತಾರೆ. ಒಂದು ತಪ್ಪಿದರೂ ನನ್ನ ಪಿಎಚ್‌ಡಿ ಪ್ರಬಂಧದ ಈ ಅಧ್ಯಾಯ ಕೈಬಿಡಬೇಕು.

"ಒಂದೂ ತಪ್ಪಬಾರದಾ?" ಎಂದೆ.

"ನಿನ್ನ ಕೈ ಶುದ್ಧವಿದ್ದರೆ ಯಾಕೆ ತಪ್ಪತ್ತೆ?" ಎಂದರು. ಸಿಟ್ಟು ನೆತ್ತಿಗೇರಿತು, ಸರಿ ಕಳಿಸಿ ಎಂದೆ.

ಚಿತ್ರಗಳು ಬಂದವು. ಹೊಸಪೇಟೆಗೆ ಹೋಗಿ ದೊಡ್ಡದಾಗಿ ಮುದ್ರಿಸಿಕೊಂಡು ಬಂದು ಗಿರಣಿಯ ಮೇಜಿನ ಮೇಲೆ ಹರವಿದೆ. ಹವಳದ ಮೈಯನ್ನು ಮಸೂರದಲ್ಲಿ ನೋಡಿದರೆ ಅಕ್ಕಪಕ್ಕ ಒತ್ತಿಕೊಂಡ ಪುಟ್ಟ ಬಟ್ಟಲುಗಳು ಕಾಣುತ್ತವೆ. ಒಂದೊಂದು ಬಟ್ಟಲೂ ಒಂದೊಂದು ಪ್ರಾಣಿಯ ಮನೆ. ಬಟ್ಟಲಿನೊಳಗೆ ಸಣ್ಣ ಸಣ್ಣ ಮೊಳೆಗಳು ಎದ್ದಿರುತ್ತವೆ. ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು ಬರೆದಿಟ್ಟ ಟಿಪ್ಪಣಿಗಳನ್ನು ಎರಡು ಗುಂಪಿನ ಪಕ್ಕಕ್ಕಿಟ್ಟಾಗ ನನಗೆ ಕಂಡದ್ದು ಇಷ್ಟೇ: ಎಡಗಡೆ ಗುಂಪಿನಲ್ಲಿ ಮೊಳೆಗಳು ದೂರ ದೂರ ನಿಲ್ಲುತ್ತವೆ, ಬಲಗಡೆ ಗುಂಪಿನಲ್ಲಿ ಎರಡೆರಡು ಜೋಡಿಯಾಗಿ ಒಂದಕ್ಕೊಂದು ವಾಲಿರುತ್ತವೆ.

ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಬಂದು ಕೂತ. ಅಷ್ಟು ಹೊತ್ತಿಗೆ ಮನೆಯವರಿಗೆಲ್ಲ ವಿಷಯ ಗೊತ್ತಾಗಿತ್ತು. ಬೆರಕೆ ಎಂದ ಮೇಡಂ ಮೇಲೆ ಅವನಿಗೆ ನನಗಿಂತ ಹೆಚ್ಚು ಸಿಟ್ಟಿತ್ತು. ಅರ್ಧ ತಾಸು ಚಿತ್ರಗಳನ್ನು ಮುಟ್ಟದೆ ನೋಡಿದ. ಆಮೇಲೆ ಅವನೇ ಜೋಡಿಸತೊಡಗಿದ. ಒಂದು, ನಾಲ್ಕು, ಐದು ಈ ಕಡೆ. ಎರಡು, ಮೂರು ಆ ಕಡೆ. ನಾನು ಬಾಯಿ ಬಿಟ್ಟು ನೋಡಿದೆ. ಹವಳ ಕಂಡು ಗೊತ್ತಿಲ್ಲದ ಮನುಷ್ಯ, ನಾನು ನಾಲ್ಕು ವರ್ಷದಲ್ಲಿ ಕಲಿತದ್ದನ್ನು ಅರ್ಧ ತಾಸಿನಲ್ಲಿ ಹಿಡಿದಿದ್ದ. ಹನ್ನೊಂದು ಚಿತ್ರಗಳಲ್ಲಿ ನಮ್ಮಿಬ್ಬರದ್ದೂ ಒಂದೇ ಮಾತು. ಏಳನೆಯದರಲ್ಲಿ ಮಾತ್ರ ಜಗಳ ಬಿತ್ತು.

ಏಳನೆಯ ತುಣುಕನ್ನು ಮೀನು ಕಚ್ಚಿತ್ತು. ಬಟ್ಟಲುಗಳ ಅಂಚು ಮುರಿದಿದ್ದವು. ನಾನು ಅದನ್ನು ಎಡಗಡೆ ಇಟ್ಟೆ. ದೊಡ್ಡಪ್ಪ ಎತ್ತಿ ಬಲಗಡೆ ಇಟ್ಟ.

"ಬಟ್ಲ ನೋಡು, ಎಷ್ಟು ಒತ್ತಾಗಿ ಕುಂತಾವು. ಆ ಕಡೀವು ಎಲ್ಲಾ ಹಂಗೇ ಅದಾವು."

"ಒತ್ತಾಗಿರೋದು ಜಾಗದ ಗುಣ ದೊಡ್ಡಪ್ಪಾ. ಬೆಳಕು ಹೆಚ್ಚಿದ್ರ ಹಂಗಾಗ್ತದ. ಒಳಗಿನ ಮೊಳಿ ನೋಡು. ಮುರಿದಿದ್ರೂ ದೂರ ದೂರ ಅದಾವು."

"ನಾ ಹೇಳಾಕತ್ತೀನಿ ಕೇಳು. ಐವತ್ತು ವರ್ಷ ಕಾಳು ನೋಡೀನಿ."

"ಕಾಳು ನೋಡೀ. ಇದು ಕಾಳಲ್ಲ."

"ಸೋತ್ರ ನನ್ನ ಕಡೆ ಬಂದು ಅಳಬ್ಯಾಡ ಮತ್ತ," ಎಂದು ಎದ್ದುಹೋದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ನನಗೆ ಬಹಳ ಕಷ್ಟವಾಯಿತು, ಸುಳ್ಳೇಕೆ ಹೇಳಲಿ. ಚಿಕ್ಕಂದಿನಿಂದ ಅವನ ಹಲ್ಲಿನ ತೀರ್ಪನ್ನೇ ನ್ಯಾಯವೆಂದು ನಂಬಿ ಬೆಳೆದವಳು ನಾನು. ಬೆಳಗಾದರೆ ಏಳನ್ನು ಬಲಗಡೆ ಇಡುತ್ತಿದ್ದೆ, ಮಧ್ಯಾಹ್ನಕ್ಕೆ ಎಡಗಡೆಗೆ ತರುತ್ತಿದ್ದೆ. ಕೊನೆಗೆ ಒಂದು ಬಿಳಿ ಕಾಗದದಲ್ಲಿ ಕಿಟಕಿ ಕತ್ತರಿಸಿ, ಚಿತ್ರದ ಮೇಲಿಟ್ಟು, ಒಂದು ಸಲಕ್ಕೆ ಒಂದೇ ಬಟ್ಟಲು ಕಾಣುವಂತೆ ಮಾಡಿ ಎಲ್ಲ ಮೊಳೆಗಳನ್ನೂ ಎಣಿಸಿದೆ. ಎಡಗಡೆ. ದೊಡ್ಡಪ್ಪ ಹೇಳಿದರೂ ಎಡಗಡೆ, ದೇವರು ಹೇಳಿದರೂ ಎಡಗಡೆ. ಪಟ್ಟಿಯನ್ನು ಮೇಡಂಗೆ ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಉತ್ತರಕ್ಕೆ ಒಂದು ತಿಂಗಳು ಕಾದೆ. ಕಾಯುವುದು ನನ್ನ ಸ್ವಭಾವಕ್ಕೆ ಒಗ್ಗಿದ್ದಲ್ಲ. ಹೊಸಪೇಟೆಯಲ್ಲಿರುವ ಅಕ್ಕನ ಮನೆಗೆ ಹೋಗಿ ಕೂತೆ. ಭಾವ ಸಂಡೂರಿನ ಗಣಿಯೊಂದರಲ್ಲಿ ಅದಿರಿನ ಮಾದರಿ ಪರೀಕ್ಷೆ ಮಾಡುವ ಕೆಲಸದವರು. ಸಂಜೆ ಕೆಂಪು ಧೂಳಿನ ಬೂಟು ಬಾಗಿಲಲ್ಲಿ ಬಿಟ್ಟು ಬಂದು ನನ್ನ ಕಥೆ ಕೇಳಿ, "ನಂಬರ್ ತಪ್ಪಿದ್ರ ನಮ್ಮಲ್ಲಿ ಇಡೀ ರೈಲೇ ವಾಪಸ್ ಬರ್ತದ. ನಿಂದು ಟ್ಯೂಬು, ಚಿಂತಿ ಬಿಡು," ಎಂದು ಧೈರ್ಯ ಹೇಳಿದರು. ಅದು ಧೈರ್ಯ ಹೇಗಾಯಿತೋ ನನಗಿನ್ನೂ ತಿಳಿದಿಲ್ಲ. ಒಂದು ಭಾನುವಾರ ಅಕ್ಕ ನನ್ನನ್ನು ಹಂಪಿಗೆ ಎಳೆದುಕೊಂಡು ಹೋದಳು. ಗುಂಡುಗಳ ನಡುವೆ ನಡೆಯುವಾಗ, ಇವು ಒಂದೇ ಜಾತಿಯೋ ಎರಡೋ ಎಂದು ಅವಳು ಗಂಭೀರವಾಗಿ ಕೇಳಿದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಮೇಡಂ ವೀಡಿಯೋ ಕರೆಗೆ ಹೇಳಿಕಳಿಸಿದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಸೋಮವಾರದ ಸಭೆ ಎಂದರೆ ಇಡೀ ಪ್ರಯೋಗಾಲಯ. ಅಕ್ಕನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಅವ್ವನೂ ದೊಡ್ಡಪ್ಪನೂ ಕಂಪ್ಲಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಪರದೆಯಲ್ಲಿ ಕಾಣದ ಹಾಗೆ ಗೋಡೆಗೆ ಒತ್ತಿಕೊಂಡು ಸಾಲಾಗಿ ಕೂತರು. ಬಾಯಿ ತೆರೆಯಬಾರದೆಂದು ಆಣೆ ಮಾಡಿಸಿದ್ದೆ.

ಮೇಡಂ ಪೀಠಿಕೆ ಹಾಕಲಿಲ್ಲ. ಒಂದು ಕೈಯಲ್ಲಿ ನನ್ನ ಪಟ್ಟಿ, ಇನ್ನೊಂದರಲ್ಲಿ ಆ ಊರಿನ ಪ್ರಯೋಗಾಲಯದಿಂದ ಬಂದದ್ದು. "ಒಂದು," ಎಂದರು. "ನೀನು ಎಡ ಅಂದಿದ್ದೀಯ. ಡಿಎನ್ಎ ಎಡ." ಎರಡು, ಬಲ, ಬಲ. ಮೂರು, ಬಲ, ಬಲ. ನಾಲ್ಕು, ಐದು, ಆರು ತಾಳೆಯಾದವು.

"ಏಳು," ಎಂದರು. "ಇದನ್ನು ನಾನು ಬೇಕೆಂದೇ ಕೆಟ್ಟ ತುಣುಕು ಆರಿಸಿದ್ದೆ. ನಾನೂ ಒಂದು ಪಟ್ಟಿ ಮಾಡಿದ್ದೆ. ನನ್ನ ಪಟ್ಟಿಯಲ್ಲಿ ಬಲ."

ಗೋಡೆಯ ಕಡೆಯಿಂದ ದೊಡ್ಡಪ್ಪ ಉಸಿರೆಳೆದುಕೊಂಡದ್ದು ಕೇಳಿಸಿತು.

"ನೀನು ಎಡ ಅಂದಿದ್ದೀಯ," ಎಂದು ಮೇಡಂ ಕಾಗದ ತಿರುವಿದರು. "ಡಿಎನ್ಎ ಎಡ."

"ನಾ ಸೋತೆ!" ಎಂದು ದೊಡ್ಡಪ್ಪ ಎದ್ದು ನಿಂತು ಕೂಗಿದ. "ಲೇ ನಾ ಸೋತೆನಲೇ! ನಮ್ಮ ಹುಡುಗಿ ಗೆದ್ಲು!" ಅವ್ವ ಅವನ ಅಂಗಿ ಹಿಡಿದು ಜಗ್ಗಿ ಕೂಡಿಸಿದಳು. ಪರದೆಯ ಆ ಕಡೆ ಎಲ್ಲರೂ ನಕ್ಕರು. ಎಂಟರಿಂದ ಹನ್ನೆರಡರವರೆಗೆ ಮೇಡಂ ಓದಿದ್ದು ನನ್ನ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ಬಲ ಬಲ, ಎಡ ಎಡ ಎಂದು ಜೋಡಿ ಜೋಡಿಯಾಗಿ ಬರುತ್ತಿದ್ದದ್ದಷ್ಟೇ ಗೊತ್ತು. ಹನ್ನೆರಡಕ್ಕೆ ಹನ್ನೆರಡು.

"ಎರಡು ಜಾತಿ," ಎಂದು ಮೇಡಂ ಕಾಗದ ಕೆಳಗಿಟ್ಟರು. "ಪುಸ್ತಕ ತಿದ್ದಬೇಕು. ಹೊಸ ಜಾತಿಯ ವಿವರಣೆ ನೀನೇ ಬರಿ." ಆಮೇಲೆ, ಲ್ಯಾಪ್‌ಟಾಪಿಗೆ ಹತ್ತಿರ ಬಾಗಿ, ನನಗೊಬ್ಬಳಿಗೇ ಹೇಳುವಷ್ಟು ಮೆಲ್ಲಗೆ, "ಅವತ್ತು ಹಾಗೆ ಅಂದದ್ದು ನನ್ನದು ತಪ್ಪಾಯ್ತು ಕಣಮ್ಮಾ," ಎಂದರು.

ದೊಡ್ಡವರು ಹಾಗೆಂದಾಗ ಇರಲಿ ಬಿಡಿ ಮೇಡಂ ಎನ್ನಬೇಕು. ಅವ್ವ ನನಗೆ ಕಲಿಸಿದ್ದೂ ಅದನ್ನೇ. ಗೋಡೆಯ ಕಡೆಯಿಂದ ಕೈಸನ್ನೆಯಲ್ಲಿ ಅದನ್ನೇ ಹೇಳುತ್ತಲೂ ಇದ್ದಳು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ನಾಲ್ಕು ವರ್ಷ ಸ್ಪಿರಿಟ್ಟಿನಲ್ಲಿ ತೊಳೆದು ತೊಳೆದು ಚರ್ಮ ಸುಲಿದ ನನ್ನ ಎರಡು ಕೈಗಳು ಮೇಜಿನ ಮೇಲೆ ಕಂಡವು.

"ಹೌದು ಮೇಡಂ, ತಪ್ಪಾಯಿತು," ಎಂದೆ. "ಅವತ್ತು ಎಲ್ಲರ ಮುಂದೆ ಅಂದಿರಿ. ಇದನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿ."

ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮೇಡಂ ನನ್ನನ್ನು ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಕೋಣೆಯ ಆ ತುದಿಯವರೆಗೂ ಮುಟ್ಟುವ ದನಿಯಲ್ಲಿ, ಅಷ್ಟು ವರ್ಷಗಳಲ್ಲಿ ನಾನು ಅವರಿಂದ ಕೇಳದಿದ್ದ ದೊಡ್ಡ ದನಿಯಲ್ಲಿ, "ಇವಳ ಕೈ ಶುದ್ಧ," ಎಂದರು.